ಹಸಿರು ಕೂಲೆಂಟೋ, ಗುಲಾಬಿಯೋ? ಬಲ್ಲವರು ಹೇಳಿ

ಕಾರವಾರದಿಂದ ಪ್ರಶ್ನೆ:
ಶಿರಸಿಯಲ್ಲಿ ಹಳೆಯ ಪೆಟ್ರೋಲ್ ಕಾರೊಂದನ್ನು ಕೊಂಡಿದ್ದೇನೆ. ಬಾನೆಟ್ ಎತ್ತಿದರೆ, ಎಂಜಿನ್ ತಂಪಾಗಿಡುವ ದ್ರವದ, ಅಂದರೆ ಕೂಲೆಂಟಿನ ಡಬ್ಬಿಯಲ್ಲಿರುವುದು ಮಣ್ಣು ಕದಡಿದ ಕೋಕಂ ಪಾನಕದಂತಿದೆ. ಅಂಗಡಿಯವರು ಹಸಿರು ಹಾಕಿ ಎನ್ನುತ್ತಾರೆ, ಗ್ಯಾರೇಜಿನವರು ಗುಲಾಬಿಯನ್ನೇ ತುಂಬಿ ಎನ್ನುತ್ತಾರೆ. ‘ನಮ್ಮಲ್ಲೇನು ಹಿಮ ಬೀಳುತ್ತದೆಯೇ, ಬಾವಿ ನೀರು ಸಾಕು’ ಎಂಬುದು ಭಾವನ ವಾದ. ದೇವಿಮನೆ ಘಟ್ಟ ಹತ್ತುವಾಗ ಉಷ್ಣತೆಯ ಮುಳ್ಳು ಏರುತ್ತದೆ. ಯಾರ ಮಾತು ಕೇಳಲಿ?

ಶಿರಸಿ, ಗ್ಯಾರೇಜ್ ನಡೆಸುವವರು:
ಕೂಲೆಂಟಿನಲ್ಲಿ ನೀರಿನೊಡನೆ ಬೆರೆತು ಅದು ಹೆಪ್ಪುಗಟ್ಟದಂತೆ ತಡೆಯುವ ಗ್ಲೈಕಾಲ್‌ಗೆ ಸ್ವಂತ ಬಣ್ಣವೇ ಇಲ್ಲ. ಸೋರಿದರೆ ಕಣ್ಣಿಗೆ ಬೀಳಲಿ, ನೀರೆಂದು ಯಾರೂ ಭ್ರಮಿಸದಿರಲಿ ಎಂದು ಕಂಪನಿಗಳು ಬಣ್ಣ ಬೆರೆಸುತ್ತವೆ. ಯಾವ ಬಣ್ಣ ಎಂಬುದು ಅವರವರ ಇಷ್ಟ. ಹಿಂದೆ ಹಸಿರೆಂದರೆ ತುಕ್ಕು ತಡೆಯಲು ಸಿಲಿಕೇಟ್, ಫಾಸ್ಫೇಟ್ ಸೇರಿಸಿದ ಹಳೆಯ ಬಗೆ, ಎರಡು ಮೂರು ವರ್ಷಕ್ಕೆ ಬದಲಿಸಬೇಕು. ಕಿತ್ತಳೆ, ಕೆಂಪು ಬಂದದ್ದು ಅದೇ ಕೆಲಸಕ್ಕೆ ಸಾವಯವ ಆಮ್ಲ ಬಳಸುವ ಓಎಟಿ ಬಗೆಯೊಡನೆ. ಅದು ಸಾಮಾನ್ಯವಾಗಿ ಐದು ವರ್ಷ ಬಾಳುತ್ತದೆ. ಎರಡನ್ನೂ ಬೆರೆಸಿದ ಹೈಬ್ರಿಡ್ ಬೇರೆ ಇದೆ. ಈಗ ಹಸಿರು ಓಎಟಿಯೂ ಸಿಗುತ್ತದೆ. ಟೊಯೊಟಾದ ಗುಲಾಬಿ, ಹೋಂಡಾದ ನೀಲಿ ಎರಡೂ ಫಾಸ್ಫೇಟ್ ಸೇರಿದ ಸಾವಯವ ಬಗೆಯವೇ. ಹೀಗಿರುವಾಗ ಬಣ್ಣ ನೋಡಿ ಏನು ತಿಳಿಯುತ್ತದೆ?

ಕಾರಿನ ಕೈಪಿಡಿಯಲ್ಲಿ ಯಾವ ಬಗೆ ಎಂದಿದೆಯೋ ಅದನ್ನು ಕ್ಯಾನಿನ ಹಿಂಬದಿಯ ಸಣ್ಣಕ್ಷರದೊಡನೆ ತಾಳೆ ನೋಡಿ. ಭಾರತದ ಐಎಸ್ 5759 ಅಥವಾ ಜಪಾನಿನ ಜೆಐಎಸ್ ಕೆ 2234 ಎಂಬ ಮಾನಕವೂ ಅಲ್ಲೇ ಇರುತ್ತದೆ. ಬೇರೆ ಬೇರೆ ಬಗೆ ಬೆರೆತರೆ ಎಂಜಿನ್ ಆ ಕ್ಷಣವೇ ಕೆಡುವುದಿಲ್ಲ. ಆದರೆ ತುಕ್ಕು ತಡೆಯುವ ಅಂಶ ಬೇಗ ಸೋಲುತ್ತದೆ, ಕೆಲವೊಮ್ಮೆ ಲೋಳೆ ಕಟ್ಟುತ್ತದೆ. ನಿಮ್ಮ ಡಬ್ಬಿಯಲ್ಲಿರುವುದು ಯಾರೋ ಹಾಕಿದ ಬೆರಕೆ, ಜೊತೆಗೆ ತುಕ್ಕು. ಅದರ ಮೇಲೆ ಏನು ಸುರಿದರೂ ದಂಡ. ಇಳಿಸಿ, ತೊಳೆದು, ಹೊಸದನ್ನು ತುಂಬಿ.

ಅಂಕೋಲಾದಿಂದ:
ಭಾವನವರಿಗೆ ಇಷ್ಟು ಹೇಳಿ: ಹಿಮ ಬೇಡ, ಕುದಿಯುವ ಭಯ ಸಾಕು. ಅರ್ಧಕ್ಕರ್ಧ ಗ್ಲೈಕಾಲ್ ಬೆರೆತ ನೀರು ಸುಮಾರು 107 ಡಿಗ್ರಿಯವರೆಗೆ ಕುದಿಯುವುದಿಲ್ಲ, ರೇಡಿಯೇಟರ್ ಮುಚ್ಚಳದ ಒತ್ತಡ ಸೇರಿದರೆ ಇನ್ನೂ ಮೇಲೆ. ಅದಕ್ಕಿಂತ ದೊಡ್ಡ ಸಂಗತಿ ಉಪ್ಪು. ಕಡಲ ಬಳಿಯ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪುನೀರು ನುಗ್ಗುವುದು ನಮಗೆ ಹೊಸದಲ್ಲ. ಆ ಕ್ಲೋರೈಡ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಬಾವಿ ನೀರಿನಲ್ಲೇ ಓಡಿದ ನೆರೆಮನೆಯ ಕಾರಿನ ಹೋಸ್ ಕಳಚುವಾಗ ಪಕ್ಕದಲ್ಲಿದ್ದೆ. ಕ್ಲಾಂಪ್ ಕೂರುವ ಜಾಗದ ಸುತ್ತ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೆರೆದರೆ ಉದುರಿತು, ಅಡಿಯಲ್ಲಿ ಲೋಹ ಗುಳಿಗುಳಿ. ಹಾಕುವುದಾದರೆ ಡಿಸ್ಟಿಲ್ಡ್ ನೀರು ಮಾತ್ರ.

ಕುಮಟಾ, ಟ್ಯಾಕ್ಸಿ ಚಾಲಕರು:
ಎಲ್ಲದಕ್ಕೂ ಕೂಲೆಂಟನ್ನೇ ದೂರಬೇಡಿ. ಫ್ಯಾನ್ ತಿರುಗುತ್ತದೆಯೇ, ಮುಚ್ಚಳದ ರಬ್ಬರ್ ಬಿರಿದಿದೆಯೇ ನೋಡಿ. ಘಟ್ಟದಲ್ಲಿ ಮುಳ್ಳು ಏರಿದರೆ ಏಸಿ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿ. ಎಂಜಿನ್ನಿನ ಬಿಸಿ ಒಳಗೆ ಬಂದು ನೀವು ಬೆಂದರೂ ಎಂಜಿನ್ ಉಳಿಯುತ್ತದೆ. ಆಗಲೂ ಇಳಿಯದಿದ್ದರೆ ಗಾಡಿ ನಿಲ್ಲಿಸಿ. ಬಿಸಿ ಇರುವಾಗ ಮಾತ್ರ ಮುಚ್ಚಳಕ್ಕೆ ಕೈ ಹಾಕಬೇಡಿ ಮಾರಾಯರೇ.

ಕಾರವಾರದಿಂದ, ಗೃಹಿಣಿ:
ಇಳಿಸಿದ್ದನ್ನು ಅಂಗಳಕ್ಕೋ ಗಟಾರಕ್ಕೋ ಚೆಲ್ಲಬೇಡಿ ಅಣ್ಣ. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕುತ್ತವೆ. ಸ್ವಲ್ಪವೇ ಸಾಕು, ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿರುವ ಮನೆಯಲ್ಲಿ ಕ್ಯಾನನ್ನೂ ಎತ್ತರದಲ್ಲಿಡಿ.

ಪ್ರಶ್ನೆ ಕೇಳಿದವರು:
ಕೈಪಿಡಿ ಸಿಕ್ಕಿತು, ಓಎಟಿ ಎಂದಿದೆ. ಅಂಗಡಿಯಲ್ಲಿ ನೇರ ಸುರಿಯುವ ರೆಡಿಮಿಕ್ಸ್ ಇದೆ, ನೀರು ಬೆರೆಸಬೇಕಾದ ಗಾಢ ಕೂಲೆಂಟೂ ಇದೆ. ಯಾವುದು ಒಳ್ಳೆಯದು?

ಶಿರಸಿ, ಗ್ಯಾರೇಜ್ ನಡೆಸುವವರು:
ನೀವು ತೊಳೆಸುತ್ತಿರುವುದರಿಂದ ಗಾಢವಾದದ್ದೇ ಸರಿ. ಎಷ್ಟೇ ಇಳಿಸಿದರೂ ಎಂಜಿನ್ ಬ್ಲಾಕ್, ಹೀಟರ್‌ಗಳಲ್ಲಿ ತೊಳೆದ ನೀರು ಉಳಿದಿರುತ್ತದೆ. ರೆಡಿಮಿಕ್ಸ್ ಸುರಿದರೆ ಅದು ತೆಳುವಾಗುತ್ತದೆ. ಕೈಪಿಡಿಯಲ್ಲಿರುವ ಒಟ್ಟು ಅಳತೆಯ ಅರ್ಧದಷ್ಟು ಗಾಢ ಕೂಲೆಂಟನ್ನು ಮೊದಲು ಹಾಕಿ, ಮಿಕ್ಕಿದ್ದಕ್ಕೆ ಡಿಸ್ಟಿಲ್ಡ್ ನೀರು ತುಂಬಿ. ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂದುಕೊಳ್ಳಬೇಡಿ, ನೀರಿನಷ್ಟು ಶಾಖ ಒಯ್ಯುವ ಶಕ್ತಿ ಗ್ಲೈಕಾಲ್‌ಗಿಲ್ಲ. ಕೂಲೆಂಟ್ ತುಂಬುವಾಗ, ಕರಾವಳಿಯಲ್ಲಿ ಯಾರೂ ಮುಟ್ಟದ ಹೀಟರ್ ಗುಂಡಿಯನ್ನು ತಿರುಗಿಸಿಟ್ಟಿರಿ, ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿಕೊಳ್ಳಬಹುದು. ಆಮೇಲೆ ಕೆಲವು ದಿನ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಮಟ್ಟ ನೋಡಿ. ಇಳಿಯುತ್ತಲೇ ಇದ್ದರೆ ವಾಟರ್ ಪಂಪಿನ ಅಡಿಯಲ್ಲಿ ಒಣಗಿದ ಬಣ್ಣದ ಕಲೆ ಇದೆಯೇ ಎಂದು ಟಾರ್ಚ್ ಹಾಕಿ ಹುಡುಕಿ.