ರವೆನ್ನಾಕ್ಕೆ ಒಂದೇ ದಿನ: ಯಾವ ಮೊಸಾಯಿಕ್ ಮೊದಲು, ಗೈಡ್‌ಗೆ ಏನು ಹೇಳಬೇಕು?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೂರನೇ ವಾರ ನಾವು ಆರು ಜನ ಇಟಲಿಯ ಬೊಲೋನ್ಯಾದಲ್ಲಿ ಇರುತ್ತೇವೆ. ಅದರಲ್ಲಿ ಒಂದು ದಿನವನ್ನು ರವೆನ್ನಾಕ್ಕೆ ಅಂತಲೇ ಇಟ್ಟಿದ್ದೇವೆ. ಇಬ್ಬರಿಗೆ 70 ದಾಟಿದೆ, ಒಬ್ಬರಿಗೆ ಮಂಡಿನೋವು. ಮೂವರು ಸಸ್ಯಾಹಾರಿಗಳು, ಮೊಟ್ಟೆಯೂ ಆಗದು.

ಯುನೆಸ್ಕೋ ಪಟ್ಟಿಯಲ್ಲಿ ಅಲ್ಲಿನ ಎಂಟು ಕಟ್ಟಡ ಇವೆ. ಅಷ್ಟನ್ನೂ ಒಂದು ದಿನದಲ್ಲಿ ನೋಡಬಹುದಾ? ಗೈಡ್ ಮೂರು ಗಂಟೆಗೆ ಸಾಕೋ, ಇಡೀ ದಿನಕ್ಕೆ ಬೇಕೋ? ಇನ್ನೊಂದು ಮಾತು. ಇಕ್ಕೇರಿ, ಬಳ್ಳಿಗಾವಿಗೆ ಹೋದರೆ ಕಲ್ಲಿನ ಕೆತ್ತನೆಯಲ್ಲಿ ಎಲ್ಲಿ ಕಣ್ಣಿಡಬೇಕು ಅಂತ ನಮಗೆ ತಿಳಿಯುತ್ತದೆ. ಮೊಸಾಯಿಕ್ (ಬಣ್ಣದ ಹರಳು ಕೂಡಿಸಿ ಮಾಡಿದ ಗೋಡೆಚಿತ್ರ) ಮುಂದೆ ನಿಂತು ಏನು ನೋಡಬೇಕು ಅನ್ನುವುದೇ ಗೊತ್ತಿಲ್ಲ. ತಿಳಿದವರು ಹೇಳಿ.

ಕವಲೇದುರ್ಗ, ತೀರ್ಥಹಳ್ಳಿ

ಎಂಟೂ ಬೇಡಿ ಮಾರಾಯ್ರೆ. ಆರು ನೋಡಿ, ಸರಿಯಾಗಿ ನೋಡಿ. ಬಿಡಬಹುದಾದವು ಎರಡು: ದೊರೆ ಥಿಯೋಡೊರಿಕ್‌ನ ಸಮಾಧಿ ಮತ್ತು ಏರಿಯನ್ನರ (ಹಳೆಯ ಒಂದು ಕ್ರೈಸ್ತ ಪಂಥದವರ) ದೀಕ್ಷಾಸ್ನಾನ ಮಂಟಪ.

ಬೊಲೋನ್ಯಾದಿಂದ ರವೆನ್ನಾ ಹೆಚ್ಚುಕಡಿಮೆ ಶಿವಮೊಗ್ಗದಿಂದ ಸಾಗರದಷ್ಟು ದೂರ. ಪ್ರಾದೇಶಿಕ ರೈಲಿನಲ್ಲಿ ಒಂದೂಕಾಲು ಗಂಟೆ ಹಿಡಿಯುತ್ತದೆ. ಸೀಟು ಕಾಯ್ದಿರಿಸುವ ಪದ್ಧತಿ ಇಲ್ಲ. ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್ ಬಳಿಯ ಯಂತ್ರದಲ್ಲಿ ಮುದ್ರೆ ಒತ್ತಿಸಲೇಬೇಕು, ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದರೂ ದಂಡ ಬೀಳುತ್ತದೆ. ಬೊಲೋನ್ಯಾ ನಿಲ್ದಾಣದ ಫಲಕದಲ್ಲಿ ಪ್ಲಾಟ್‌ಫಾರ್ಮ್ ಸಂಖ್ಯೆಯ ಜೊತೆ ‘ಎಸ್ಟ್’ ಅಥವಾ ‘ಓವೆಸ್ಟ್’ ಅಂತ ಇದ್ದರೆ ಅದು ನಿಲ್ದಾಣದ ಪೂರ್ವ ಅಥವಾ ಪಶ್ಚಿಮ ತುದಿ. ಮಂಡಿನೋವಿನವರು ಜೊತೆಗಿದ್ದಾಗ ನಡೆಯಲು ಹತ್ತು ನಿಮಿಷ ಕೈಯಲ್ಲಿಟ್ಟುಕೊಳ್ಳಿ.

ಸಾನ್ ವಿಟಾಲೆ ಚರ್ಚು, ಗಲ್ಲಾ ಪ್ಲಾಚಿಡಿಯಾ ಸಮಾಧಿ, ಬಿಷಪ್ ನೆಯೋನೆಯ ದೀಕ್ಷಾಸ್ನಾನ ಮಂಟಪ, ಆರ್ಚ್‌ಬಿಷಪ್ ಮ್ಯೂಸಿಯಂ (ಸಂತ ಆಂಡ್ರೂ ಪ್ರಾರ್ಥನಾ ಕೋಣೆ ಅದರೊಳಗೇ ಇದೆ), ಸಾಂತ್ ಅಪೊಲ್ಲಿನಾರೆ ನುವೊವೊ ಚರ್ಚು: ಈ ಐದಕ್ಕೂ ಸೇರಿ ಒಂದೇ ಟಿಕೆಟ್. ಆದರೆ ಗಲ್ಲಾ ಪ್ಲಾಚಿಡಿಯಾ ಮತ್ತು ನೆಯೋನೆಗೆ ಟಿಕೆಟ್ ಕೊಳ್ಳುವಾಗಲೇ ಸಮಯ ಗೊತ್ತುಮಾಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ರೈಲು 9.20ಕ್ಕೆ ಮುಟ್ಟುತ್ತದೆ ಅಂತ 9.40ರ ಸಮಯ ಹಿಡಿಯುತ್ತಾರೆ, ರೈಲು ಕಾಲು ಗಂಟೆ ತಡವಾದರೆ ಸರದಿ ಹೋಯಿತು. ರೈಲು ಮುಟ್ಟುವ ಹೊತ್ತಿಗೂ ಮೊದಲ ಸರದಿಗೂ ಕನಿಷ್ಠ 50 ನಿಮಿಷ ಬಿಡಿ.

ಕ್ರಮ ಹೀಗಿರಲಿ: 10.15ಕ್ಕೆ ಗಲ್ಲಾ ಪ್ಲಾಚಿಡಿಯಾ, ಅದೇ ಆವರಣದಲ್ಲಿ ಸಾನ್ ವಿಟಾಲೆಗೆ ಪೂರಾ ಒಂದು ಗಂಟೆ, 12ಕ್ಕೆ ನೆಯೋನೆ, ಪಕ್ಕದಲ್ಲೇ ಮ್ಯೂಸಿಯಂ. ಊಟ. 2.30ಕ್ಕೆ ಅಪೊಲ್ಲಿನಾರೆ ನುವೊವೊ, ಅಲ್ಲಿಂದ ಆರನೆಯದಕ್ಕೆ, ಊರ ಹೊರಗಿನ ಕ್ಲಾಸ್ಸೆಯ ಸಾಂತ್ ಅಪೊಲ್ಲಿನಾರೆ ಚರ್ಚಿಗೆ, ಬಸ್. ಗೈಡ್ ಬೆಳಗಿನ ಮೂರು ಗಂಟೆಗೆ ಸಾಕು, ಲೈಸೆನ್ಸ್ ಇರುವವರನ್ನೇ ಹಿಡಿಯಿರಿ. ಗಲ್ಲಾ ಪ್ಲಾಚಿಡಿಯಾ ಮತ್ತು ನೆಯೋನೆ ಒಳಗೆ ನಿಲ್ಲಲು ಸಿಗುವುದು ತಲಾ ಐದೇ ನಿಮಿಷ. ಆದ್ದರಿಂದ ಗೈಡ್‌ಗೆ ಮೊದಲೇ ಬರೆದು ತಿಳಿಸಿ: ಇತಿಹಾಸವೆಲ್ಲ ಹೊರಗೆ, ಒಳಗೆ ಬೆರಳು ತೋರಿಸಿದರೆ ಸಾಕು. ಇದನ್ನು ಹೇಳದೆ ಹೋದರೆ ಆ ಐದು ನಿಮಿಷ ರಾಜರ ವಂಶಾವಳಿ ಕೇಳುವುದರಲ್ಲೇ ಕಳೆಯುತ್ತದೆ.

ಗಾಜಿನಹೆಂಚು, ಸಾಗರ

ನೋಡುವ ಬಗೆಯನ್ನು ನಾನು ಹೇಳುತ್ತೇನೆ.

ಗೋಡೆಯ ಮೇಲಿನ ಚಿತ್ರದಲ್ಲಿ ಬಣ್ಣ ಬಳಿದಿರುವುದಿಲ್ಲ, ಬಣ್ಣದ ಗಾಜು ಮತ್ತು ಕಲ್ಲಿನ ಸಣ್ಣ ಹರಳುಗಳನ್ನು ಹಸಿ ಸುಣ್ಣದ ಗಾರೆಗೆ ಒಂದೊಂದಾಗಿ ಒತ್ತಿರುತ್ತಾರೆ. ಚಿನ್ನದ ಹರಳು ಅಂದರೆ ಗಾಜಿನ ಮೇಲೆ ತೆಳು ಚಿನ್ನದ ರೇಕು, ಅದರ ಮೇಲೆ ಮತ್ತೊಂದು ತೆಳು ಗಾಜು. ಹರಳುಗಳು ಒಂದೇ ಮಟ್ಟಕ್ಕೆ ಕೂತಿಲ್ಲ, ಒಂದೊಂದೂ ಬೇರೆ ಓರೆ. ಹಾಗಾಗಿ ನಿಂತಲ್ಲೇ ನಿಂತು ನೋಡಬೇಡಿ. ಎರಡು ಹೆಜ್ಜೆ ಎಡಕ್ಕೆ, ಎರಡು ಹೆಜ್ಜೆ ಬಲಕ್ಕೆ ಸರಿಯಿರಿ, ಬೆಳಕು ಹರಳಿನಿಂದ ಹರಳಿಗೆ ಹಾರುವುದು ಕಾಣುತ್ತದೆ. ಮೊಬೈಲ್ ಫ್ಲಾಶ್ ಹಾಕಿದರೆ ಎಲ್ಲ ಹರಳಿಗೂ ಎದುರಿನಿಂದ ಒಂದೇ ಬೆಳಕು ಬಿದ್ದು ಚಿನ್ನ ಸತ್ತು ಹಳದಿಯಾಗುತ್ತದೆ. ಫ್ಲಾಶ್‌ಗೆ ಅನುಮತಿಯೂ ಇಲ್ಲ.

ಗಲ್ಲಾ ಪ್ಲಾಚಿಡಿಯಾ 5ನೇ ಶತಮಾನದ ಸಣ್ಣ ಶಿಲುಬೆಯಾಕಾರದ ಕಟ್ಟಡ. ಅದಕ್ಕೆ ಹೆಸರು ಕೊಟ್ಟ ಗಲ್ಲಾ ರೋಮನ್ ಚಕ್ರವರ್ತಿ ಹೊನೊರಿಯಸ್‌ನ ತಂಗಿ, 450ರಲ್ಲಿ ರೋಮಿನಲ್ಲಿ ತೀರಿಕೊಂಡಳು. ಕಿಟಕಿಗೆ ಗಾಜಿಲ್ಲ, ಅಲಬಾಸ್ಟರ್ ಕಲ್ಲಿನ ತೆಳು ಹಲಗೆ. ಅವನ್ನು ಕೂರಿಸಿದ್ದು 20ನೇ ಶತಮಾನದಲ್ಲಿ. ಅಡಿಕೆ ಹರವಿದ ಅಂಗಳದ ಬಿಸಿಲಿನಿಂದ ಒಮ್ಮೆಲೇ ಹಳೇ ಮನೆಯ ಒಳಕೋಣೆಗೆ ಹೊಕ್ಕರೆ ಕಣ್ಣು ಕತ್ತಲುಗಟ್ಟುತ್ತದಲ್ಲ, ಇಲ್ಲಿಯೂ ಹಾಗೆಯೇ. ಇರುವ ಐದು ನಿಮಿಷದಲ್ಲಿ ಎರಡು ಅದಕ್ಕೇ ಹೋಗುತ್ತದೆ. ಸರದಿಯಲ್ಲಿ ನೆರಳಲ್ಲಿ ನಿಲ್ಲಿ, ಮೊಬೈಲ್ ಪರದೆ ನೋಡಬೇಡಿ. ಒಳಗೆ ಹೋದವರು ಎದುರಿನ ಸಂತ ಲಾರೆನ್ಸ್‌ನನ್ನು, ಅವನ ಬೆಂಕಿಯ ಜಾಲರಿಯನ್ನು, ನಾಲ್ಕು ಸುವಾರ್ತೆಗಳಿಟ್ಟ ಬೀರುವನ್ನು ನೋಡುತ್ತಾರೆ. ತಲೆ ಎತ್ತಿ ಕಡುನೀಲಿಯಲ್ಲಿ ಚಿನ್ನದ ನಕ್ಷತ್ರಗಳನ್ನೂ ನೋಡುತ್ತಾರೆ. ಹಿಂದೆ ತಿರುಗುವುದನ್ನೇ ಮರೆಯುತ್ತಾರೆ! ಕುರಿಗಳ ನಡುವೆ ಕೂತ ಒಳ್ಳೆಯ ಕುರುಬ ಇರುವುದು ಬಂದ ಬಾಗಿಲಿನ ಮೇಲೇ.

ಸಾನ್ ವಿಟಾಲೆಯಲ್ಲಿ ಇದಕ್ಕೆ ತದ್ವಿರುದ್ಧದ ತಪ್ಪಾಗುತ್ತದೆ. ಒಳಬಂದ ಕೂಡಲೇ ಎಲ್ಲರೂ ನಡುವಿನ ದೊಡ್ಡ ಗುಮ್ಮಟ ನೋಡುತ್ತಾರೆ. ಅದು 18ನೇ ಶತಮಾನದ ಬಣ್ಣದ ಚಿತ್ರ, ಮೊಸಾಯಿಕ್ ಅಲ್ಲ. ನೇರ ಬಲಿಪೀಠದ ಭಾಗಕ್ಕೆ ನಡೆಯಿರಿ. ಎಡಕ್ಕೆ ಚಕ್ರವರ್ತಿ ಜಸ್ಟಿನಿಯನ್, ಬಲಕ್ಕೆ ರಾಣಿ ಥಿಯೋಡೋರಾ. ಇಬ್ಬರೂ ರವೆನ್ನಾಕ್ಕೆ ಕಾಲಿಟ್ಟವರಲ್ಲ. ಜಸ್ಟಿನಿಯನ್ ಪಕ್ಕದ ಬಿಷಪ್ ಮ್ಯಾಕ್ಸಿಮಿಯಾನುಸ್ 547ರಲ್ಲಿ ಈ ಚರ್ಚನ್ನು ಪ್ರತಿಷ್ಠೆ ಮಾಡಿದವನು. ಆ ಗುಂಪಿನಲ್ಲಿ ಹೆಸರು ಬರೆದಿರುವುದು ಅವನೊಬ್ಬನದೇ, ಚಕ್ರವರ್ತಿಯದೂ ಇಲ್ಲ! ಥಿಯೋಡೋರಾಳ ನಿಲುವಂಗಿಯ ಅಂಚಿನಲ್ಲಿ ಶಿಶು ಯೇಸುವಿಗೆ ಕಾಣಿಕೆ ಹೊತ್ತ ಮೂವರು ಜ್ಞಾನಿಗಳಿದ್ದಾರೆ. ಬರಿಗಣ್ಣಿಗೆ ಕಷ್ಟ, ಸಣ್ಣ ದುರ್ಬೀನು ಇಟ್ಟುಕೊಳ್ಳಿ.

ನೆಯೋನೆಯ ಗುಮ್ಮಟದ ನಡುವೆ ಕ್ರಿಸ್ತನ ದೀಕ್ಷಾಸ್ನಾನ. ಪಕ್ಕದಲ್ಲಿ ಮುದುಕನ ರೂಪದ ಜೋರ್ಡಾನ್ ನದಿ ನೀರಿನಿಂದ ಎದ್ದಿದೆ. ಕ್ರಿಸ್ತನ ತಲೆ, ಪಾರಿವಾಳ, ದೀಕ್ಷೆ ಕೊಡುವ ಜಾನ್ ಹಿಡಿದ ತಟ್ಟೆ 19ನೇ ಶತಮಾನದ ದುರಸ್ತಿ. ಅಲ್ಲಿನ ಹರಳುಗಳ ಮಟ್ಟಸವಾದ ಸಾಲಿಗೂ ಸುತ್ತಲಿನ ಹಳೆಯ ಕೆಲಸಕ್ಕೂ ಇರುವ ವ್ಯತ್ಯಾಸ ಕಂಡರೆ ನಿಮ್ಮ ಕಣ್ಣು ಪಳಗಿತು ಅಂತ ತಿಳಿಯಿರಿ. ಮೂಲ ನೆಲ ಈಗಿನದಕ್ಕಿಂತ ಸುಮಾರು 3 ಮೀಟರ್ ಕೆಳಗಿದೆ. ಇಡೀ ಊರೇ ಜೌಗು ನೆಲದ ಮೇಲೆ ನಿಂತು ಕುಸಿಯುತ್ತ ಬಂದಿದೆ.

ತುಂಗಾತೀರ, ಶಿವಮೊಗ್ಗ

ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ಇಬ್ಬರಿಗೂ ಧನ್ಯವಾದ. ಎರಡು ಸಂಶಯ. ದಿನದ ಕೊನೆಗೆ, ಸುಸ್ತಾದ ಮೇಲೆ ಕ್ಲಾಸ್ಸೆಗೆ ಹೋಗುವುದು ಅಗತ್ಯವಾ? ಊಟದ ಕಥೆ ಏನು?

ಅಡಿಕೆಸೋಗೆ, ಹೊಸನಗರ

ಊಟ ಮೊದಲು. ಆ ಸೀಮೆಯ ಪಿಯಾದಿನಾ ರೊಟ್ಟಿ ನೋಡಲು ನಮ್ಮ ಗೋಧಿ ರೊಟ್ಟಿಯ ಹಾಗೇ ಇರುತ್ತದೆ, ಆದರೆ ಸಾಂಪ್ರದಾಯಿಕ ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತಾರೆ. ಒಳಗೆ ಬರೀ ತರಕಾರಿ ಇದೆ ಅಂತ ನೆಚ್ಚಿಕೊಳ್ಳಬೇಡಿ. ‘ಸೆಂತ್ಸಾ ಸ್ತ್ರುತ್ತೊ’ ಅಂದರೆ ಹಂದಿ ಕೊಬ್ಬಿಲ್ಲದ್ದು. ಆಲಿವ್ ಎಣ್ಣೆಯಲ್ಲಿ ಕಲಸಿದ ರೊಟ್ಟಿಯೂ ಹಲವು ಕಡೆ ಸಿಗುತ್ತದೆ, ಕೇಳಿಯೇ ತಗೊಳ್ಳಿ. ಅಲ್ಲಿನ ತಾಜಾ ಪಾಸ್ತಾಕ್ಕೆ ಮೊಟ್ಟೆ ಹಾಕಿರುತ್ತಾರೆ. ಇಟಲಿಯ ಅನೇಕ ಚೀಸ್‌ಗಳಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರಿಗೆ ಮರಿನಾರಾ ಪಿಜ್ಜಾ ಸುಲಭ: ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಚೀಸ್ ಇಲ್ಲ. 1 ಗಂಟೆಯೊಳಗೆ ಕೂತುಬಿಡಿ, ಎರಡೂವರೆ ಆಗುತ್ತಲೇ ಅಡುಗೆಮನೆ ಮುಚ್ಚಿ ಸಂಜೆಯವರೆಗೆ ತೆರೆಯದ ಹೋಟೆಲ್‌ಗಳೇ ಹೆಚ್ಚು.

ಕ್ಲಾಸ್ಸೆ ಬಿಡಬೇಡಿ. ಊರಿನಿಂದ ಸುಮಾರು 8 ಕಿಲೋಮೀಟರ್, 4ನೇ ನಂಬರ್ ಬಸ್. ರಿಮಿನಿ ಕಡೆಯ ಲೋಕಲ್ ರೈಲಿಗೂ ಒಂದೇ ನಿಲ್ದಾಣ, ಆದರೆ ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. ಐದರ ಟಿಕೆಟ್ ಇಲ್ಲಿ ನಡೆಯದು, ಬೇರೆಯೇ ಕೊಳ್ಳಬೇಕು. ಬೆಳಗಿನ ಎರಡು ಕಟ್ಟಡಗಳಲ್ಲಿ ಐದು ನಿಮಿಷಕ್ಕೆ ಹೊರಡಿಸುತ್ತಾರೆ, ಇಲ್ಲಿ ಆ ಕಟ್ಟಿಲ್ಲ, ಮಂಡಿನೋವಿನವರು ಬೆಂಚಿನಲ್ಲಿ ಕೂತೇ ನೋಡಬಹುದು. 549ರಲ್ಲಿ ಪ್ರತಿಷ್ಠೆಯಾದ ಚರ್ಚು. ಎದುರಿನ ಅರೆಗುಮ್ಮಟ ಪೂರ್ತಿ ಹಸಿರು, ನಮ್ಮ ಕಣ್ಣಿಗೆ ಕೂಡಲೇ ಒಗ್ಗುವ ಹಸಿರು. ನೀಲಿ ವೃತ್ತದಲ್ಲಿ 99 ನಕ್ಷತ್ರ, ನಡುವೆ ಶಿಲುಬೆ, ಶಿಲುಬೆಯ ನಡುವೆ ಅಂಗೈಗಿಂತ ದೊಡ್ಡದೇನೂ ಕಾಣದ ಕ್ರಿಸ್ತನ ಮುಖ. ಕೆಳಗೆ ಕೈ ಎತ್ತಿ ನಿಂತ ಸಂತ ಅಪೊಲ್ಲಿನಾರಿಸ್, ಎರಡೂ ಕಡೆ ಸೇರಿ 12 ಕುರಿ. ಪಕ್ಕದ ಗೋಡೆಗಳು ಬೋಳು, ಅವುಗಳ ಅಮೃತಶಿಲೆಯನ್ನು 15ನೇ ಶತಮಾನದಲ್ಲಿ ರಿಮಿನಿಯ ದೊರೆ ಮಲಟೆಸ್ಟಾ ಕಿತ್ತೊಯ್ದ.

ಭಾನುವಾರ ಬೆಳಿಗ್ಗೆ ಪೂಜೆಯ ಹೊತ್ತಿಗೆ ಹೋದರೆ ಸುತ್ತಾಡಲು ಆಗುವುದಿಲ್ಲ. ನೀವು ಮಧ್ಯಾಹ್ನ ಹೋಗುವುದರಿಂದ ಆ ತಾಪತ್ರಯ ಇಲ್ಲ.

ಕವಲೇದುರ್ಗ, ತೀರ್ಥಹಳ್ಳಿ

ಅಪೊಲ್ಲಿನಾರೆ ನುವೊವೊ ಬಗ್ಗೆ ಯಾರೂ ಬರೆಯಲಿಲ್ಲ, ಗೈಡ್ ಇಲ್ಲದೆ ನೋಡುವ ಜಾಗ ಅದು. ಎಡಗೋಡೆಯಲ್ಲಿ 22 ಕನ್ಯೆಯರ ಸಾಲು, ಬಲಕ್ಕೆ 26 ಹುತಾತ್ಮರ ಸಾಲು. ಬಲಗೋಡೆಯ ಬಾಗಿಲ ಕಡೆಯ ತುದಿಯಲ್ಲಿ ಅರಮನೆಯ ಚಿತ್ರ ಇದೆ. ಈ ಚರ್ಚು ಕಟ್ಟಿಸಿದ್ದು ಗಾಥ್ ಜನಾಂಗದ ದೊರೆ ಥಿಯೋಡೊರಿಕ್. ಅವನು ಏರಿಯನ್ ಪಂಥದವನು, ಅಂದರೆ ಮಗನಾದ ಕ್ರಿಸ್ತನನ್ನು ತಂದೆಯಾದ ದೇವರಿಗೆ ಸಮನಾಗಿ ಒಪ್ಪದವರ ಪಂಥ. 540ರಲ್ಲಿ ಊರು ಬೈಜಾಂಟೈನರ (ಜಸ್ಟಿನಿಯನ್‌ನ ಪೂರ್ವ ರೋಮನ್ ಸಾಮ್ರಾಜ್ಯದವರ) ಕೈಸೇರಿದ ಮೇಲೆ ಬಿಷಪ್ ಆಗ್ನೆಲ್ಲುಸ್ ಕಾಲದಲ್ಲಿ ಆ ಅರಮನೆ ಚಿತ್ರದ ಕಮಾನುಗಳಲ್ಲಿದ್ದ ಮನುಷ್ಯರನ್ನು ಕಿತ್ತು ಪರದೆಯ ಚಿತ್ರ ತುಂಬಿದರು. ಕಂಬಗಳನ್ನು ಮುಟ್ಟಲಿಲ್ಲ. ಬಿಳಿ ಕಂಬಗಳ ಮೇಲೆ, ದೇಹ ಇಲ್ಲದ ಕೈಗಳು ಇನ್ನೂ ಹಾಗೇ ಇವೆ. ದುರ್ಬೀನು ಹಿಡಿದು ಎಡದಿಂದ ಬಲಕ್ಕೆ ಒಂದೊಂದೇ ಕಂಬ ಹುಡುಕಿ.