ಪದಚರ್ಚೆ: ಬಲೂನಿನ ಮೇಲಿನ ಬಣ್ಣ ‘ಬಿರುಕು ಬಿಡುವುದೋ’, ‘ಹಕ್ಕಳೆ ಏಳುವುದೋ’?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮೂರಡಿಯ ರಬ್ಬರ್ ಬಲೂನಿನ ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಚಿತ್ರ ಬಿಡಿಸುವ ಬಗ್ಗೆ ಒಂದು ಕೈಪಿಡಿಯ ಕರಡು ತಿದ್ದಬೇಕಾಗಿದೆ. ಒಣಗಿದ ಬಣ್ಣ ಹೇಗೇ ಕೆಟ್ಟರೂ ಅದರಲ್ಲಿ ‘ಬಿರುಕು’ ಎಂದೇ ಬರೆದಿದ್ದಾರೆ. ಆದರೆ ಬಣ್ಣ ಒಮ್ಮೆ ಒಣಗಿದ ಕೆರೆಯಂಗಳದಂತೆ ಸೀಳುತ್ತದೆ, ಒಮ್ಮೆ ಹಾಲಿನ ಕೆನೆಯಂತೆ ಮುದುಡುತ್ತದೆ, ಒಮ್ಮೆ ಚೂರುಚೂರಾಗಿ ಉದುರುತ್ತದೆ. ಬೇರೆ ಬೇರೆ ಪದ ಬೇಕಲ್ಲವೇ? ಗಾಳಿ ತುಂಬುವುದಕ್ಕೆ ‘ಊದು’, ‘ಉಬ್ಬಿಸು’ ಇವೆರಡರಲ್ಲಿ ಯಾವುದು ಸರಿ?

ಉತ್ತರ 1:

ಬೇಕೇ ಬೇಕು. ಕಾರಣ ಬೇರೆಯಾದ ಮೇಲೆ ಮದ್ದೂ ಬೇರೆ. ‘ಬಿರುಕು’ ಎಂದೊಂದೇ ಬರೆದರೆ ಓದಿದವರು ತಪ್ಪು ಮದ್ದು ಮಾಡುತ್ತಾರೆ.

ಬಣ್ಣ ಒಣಗಿದ ಮೇಲೆ ಬಲೂನು ಹಿಗ್ಗಿದರೆ ಮಾತ್ರ ‘ಬಿರುಕು’. ನೆರಳಿನಲ್ಲಿ ಬಣ್ಣ ಹಾಕಿ ಬಿಸಿಲಿನ ಚಪ್ಪರಕ್ಕೆ ಒಯ್ದರೆ ಆಗುವುದು ಇದೇ. ಒಳಗಿನ ಗಾಳಿ 25 ಡಿಗ್ರಿಯಿಂದ 40ಕ್ಕೆ ಕಾದರೆ ಸುಮಾರು ಶೇ. 5ರಷ್ಟು ಹಿಗ್ಗುತ್ತದೆ. ರಬ್ಬರು ಜಗ್ಗುತ್ತದೆ, ದಪ್ಪನೆಯ ಅಕ್ರಿಲಿಕ್ ಪೊರೆ ಅಷ್ಟು ಜಗ್ಗುವುದಿಲ್ಲ. ತೆಳುವಾಗಿ ಎರಡು ಸಲ ಹಾಕಬೇಕು. ಬಣ್ಣಕ್ಕೆ ದ್ರವ ಲೇಟೆಕ್ಸ್ (ರಬ್ಬರಿನ ಹಾಲು) ಬೆರೆಸಿದರೆ ಪೊರೆಗೂ ಒಂದಿಷ್ಟು ಜಗ್ಗುವ ಗುಣ ಬರುತ್ತದೆ.

ಕೆನೆಯಂತೆ ಮುದುಡಿದ್ದಕ್ಕೆ ‘ಸುಕ್ಕು’. ಇಲ್ಲಿ ಬಲೂನು ಕುಗ್ಗಿರುತ್ತದೆ. ರಬ್ಬರಿನ ಮೂಲಕವೇ ಗಾಳಿ ಸೋರುತ್ತದೆ, ಹೀಲಿಯಂ ಇನ್ನೂ ಬೇಗ. ಅದಕ್ಕೇ ಹಿಂದಿನ ದಿನ ಚಿತ್ರ ಬರೆದಿಟ್ಟ ಬಲೂನು ಬೆಳಗ್ಗೆ ಮುದಿಮುಖ ಹೊತ್ತಿರುತ್ತದೆ. 36 ಅಂಗುಲದ್ದನ್ನು 33–34ರ ತನಕ ತುಂಬಿ, ಬಾಯಿಗೆ ಕ್ಲಿಪ್ ಹಾಕಿ ಒಂದು ಗಂಟೆ ಬಿಡಿ. ಕುಗ್ಗಿದ್ದರೆ ಇನ್ನಷ್ಟು ಗಾಳಿ ಹಿಡಿಸಿ, ಗಂಟು ಹಾಕಿದ ಮೇಲೆಯೇ ಬಣ್ಣ ಮುಟ್ಟಿ.

ಉದುರುವುದಕ್ಕೆ ‘ಹಕ್ಕಳೆ ಏಳು’. ಒಣಗಿದ ಗಾಯದ ಮೇಲೂ ಹಕ್ಕಳೆ ಏಳುತ್ತದೆ, ಹಳೇ ಗೋಡೆಯ ಸುಣ್ಣವೂ ಹಕ್ಕಳೆ ಏಳುತ್ತದೆ. ಕೆಳಗಿನದು ಹಿಡಿಯದೆ ಮೇಲಿನದು ಚಕ್ಕೆಯಾಗಿ ಬಿಡುವುದು ಎಂಬ ಅರ್ಥ ಆ ಮಾತಿನಲ್ಲೇ ಇದೆ. ಹೊಸ ಬಲೂನಿನ ಮೇಲೆ ಪುಡಿ ಇರುತ್ತದೆ, ಆಮೇಲೆ ನಮ್ಮ ಕೈಯ ಜಿಡ್ಡು ಸೇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಪೂರ್ತಿ ಆರಿಸಿ, ಆಮೇಲೆ ಕುತ್ತಿಗೆಯನ್ನಷ್ಟೇ ಹಿಡಿಯಬೇಕು. ಸುಕ್ಕಾದ ಬಣ್ಣವೂ ಕೊನೆಗೆ ಹಕ್ಕಳೆ ಏಳಬಹುದು ನಿಜ, ಆದರೆ ಗಾಳಿ ಬಿಗಿಯಾಗಿಯೇ ಇದ್ದು ಉದುರಿದರೆ ತಪ್ಪು ಒರೆಸಿದ್ದರಲ್ಲಿ.

ಉತ್ತರ 2:

‘ಊದು’ ಬಾಯಿಂದ ಊದುವುದಕ್ಕೆ ಇರಲಿ. ಮೂರಡಿಯ ಬಲೂನನ್ನು ಯಾರೂ ಬಾಯಲ್ಲಿ ಊದುವುದಿಲ್ಲ; ಪಂಪಿನ ಕೆಲಸ, ‘ಗಾಳಿ ತುಂಬು’ ಸಾಕು. ಇನ್ನೊಂದು ಕಾರಣವೂ ಇದೆ: ‘ಊದಿಕೊಳ್ಳು’ ಎಂಬ ಮಾತು ಇದೇ ಕೈಪಿಡಿಯಲ್ಲಿ ಬೇರೆ ಕಡೆ ಬೇಕಾಗುತ್ತದೆ. ಎಣ್ಣೆ ಬಣ್ಣ, ಟರ್ಪೆಂಟೈನ್, ವ್ಯಾಸಲೀನ್ ತಗಲಿದರೆ ರಬ್ಬರು ಊದಿಕೊಂಡು, ಮೆತ್ತಗಾಗಿ, ಒಡೆಯುತ್ತದೆ. ಒಂದೇ ಧಾತು ಎರಡೂ ಕಡೆ ಬಂದರೆ ಗೊಂದಲ.

ಕರಡಿನಲ್ಲಿ ‘ಬಣ್ಣ ಬಳಿಯಿರಿ’ ಎಂದಿದ್ದರೆ ಅದನ್ನೂ ತಿದ್ದಿ. ಬಳಿಯುವುದು ಗೋಡೆಗೆ. ಇಲ್ಲಿ ಕುಂಚ ಎಳೆದರೆ ಬಲೂನು ಹೊರಳುತ್ತದೆ, ನೀರು ಹೆಚ್ಚಾದ ಬಣ್ಣ ಕೆಸುವಿನೆಲೆಯ ಮೇಲಿನ ಹನಿಯಂತೆ ಜಾರುತ್ತದೆ. ಬಲೂನನ್ನು ಬಕೆಟ್ಟಿನ ಬಾಯಿಯ ಮೇಲೆ ಕೂರಿಸಿ, ಸ್ಪಂಜಿನಿಂದ ‘ಒತ್ತಬೇಕು’. ಅಕ್ಷರಗಳನ್ನು ಮಾತ್ರ ಮಾರ್ಕರಿನಲ್ಲಿ ‘ಬರೆಯುವುದು’, ಅದೂ ಗಾಳಿ ತುಂಬಿದ ಮೇಲೆ. ಮೊದಲೇ ಬರೆದರೆ ಬಲೂನಿನ ಅಡ್ಡಳತೆ ಎರಡರಷ್ಟಾದಾಗ ಅಕ್ಷರವೂ ಎರಡರಷ್ಟಾಗಿ ಮಸಿ ಪೇಲವವಾಗುತ್ತದೆ.

ನಮ್ಮ ಕಡೆ ಬಲೂನಿಗೆ ಪುಗ್ಗಾ ಅಂತಾರೆ, ಹಳೇ ಮೈಸೂರಿನವರು ಬುಗ್ಗೆ ಅನ್ನುವುದುಂಟು. ಆದರೆ ಬುಗ್ಗೆ ಎಂದರೆ ನೀರಿನ ಚಿಲುಮೆಯೂ ಹೌದು, ಕೈಪಿಡಿಗೆ ‘ಬಲೂನು’ ವಾಸಿ.

ಉತ್ತರ 1 ಬರೆದವರಿಂದ:

ಒಂದು ಬಿಟ್ಟುಹೋಗಿತ್ತು. ಬಿಸಿಲಿನಲ್ಲಿ ಬಲೂನಿನ ಹೊಳಪು ಹೋಗಿ ಮಕಮಲ್ಲಿನಂತೆ ಕಾಣುವುದನ್ನು ‘ಬಣ್ಣ ಮಾಸಿತು’ ಎನ್ನಬೇಡಿ. ಅದು ಗಾಳಿಯ ಆಮ್ಲಜನಕಕ್ಕೆ ರಬ್ಬರೇ ‘ಮಬ್ಬು ಹಿಡಿಯುವುದು’. ಹಚ್ಚಿದ ಬಣ್ಣದ ತಪ್ಪಲ್ಲ.