ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ವಸ್ತುಸಂಗ್ರಹಾಲಯ: ನೋಡಲೇಬೇಕಾದದ್ದೇನು?

ಪ್ರಶ್ನೆ (ಮಂಡ್ಯದಿಂದ):
ಮುಂದಿನ ತಿಂಗಳು ಬಂಧುಗಳ ಮದುವೆಗೆಂದು ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಚೆನ್ನೈಗೆ ಹೋಗುವವರಿದ್ದೇವೆ. ಹೈಸ್ಕೂಲಿನಲ್ಲಿ ಓದುತ್ತಿರುವ ಮಗಳಿಗೆ ಇತಿಹಾಸವೆಂದರೆ ಬಹಳ ಆಸಕ್ತಿ. ಶುಕ್ರವಾರ ಬೆಳಿಗ್ಗೆ ಬಿಡುವಿರುವುದರಿಂದ, ಕಡಲತೀರದ ಸೇಂಟ್ ಜಾರ್ಜ್ ಕೋಟೆಯೊಳಗೆ ಪುರಾತತ್ವ ಇಲಾಖೆಯವರು ನಡೆಸುವ ವಸ್ತುಸಂಗ್ರಹಾಲಯವನ್ನು ಅವಳಿಗೆ ತೋರಿಸಬೇಕೆಂದಿದ್ದೇವೆ. ಶ್ರೀರಂಗಪಟ್ಟಣವನ್ನು ಚಿಕ್ಕಂದಿನಿಂದ ನೋಡುತ್ತಾ ಬಂದವರಿಗೆ ಅಲ್ಲಿ ಹೊಸದೇನಾದರೂ ಸಿಗುವುದೇ?

ಉತ್ತರ 1 (ಮೈಸೂರಿನಿಂದ):
ಶುಕ್ರವಾರ ಅದಕ್ಕೆ ವಾರದ ರಜೆ; ಬೇರೆ ದಿನ ಇಟ್ಟುಕೊಳ್ಳಿ. ಹೋಗುವುದನ್ನು ಮಾತ್ರ ಬಿಡಬೇಡಿ, ಏಕೆಂದರೆ ಅಲ್ಲಿನ ಮುಖ್ಯ ವಸ್ತು ಹೇಳುವುದು ನಿಮ್ಮ ಸೀಮೆಯದೇ ಕಥೆಯನ್ನು. ಟಿಪ್ಪುವನ್ನು ಸೋಲಿಸಿದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ, ಥಾಮಸ್ ಬ್ಯಾಂಕ್ಸ್ ಎಂಬ ಶಿಲ್ಪಿ ಕಡೆದ ಭಾರಿ ಪ್ರತಿಮೆ ಅಲ್ಲಿದೆ. ಬಂದವರೆಲ್ಲ ತಲೆಯೆತ್ತಿ ಮುಖ ನೋಡಿ ಮುಂದಕ್ಕೆ ಹೋಗಿಬಿಡುತ್ತಾರೆ. ನೀವು ಪೀಠದ ಮುಂದೆ ನಿಲ್ಲಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಅರ್ಧದಷ್ಟು ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲೊಪ್ಪಿದ ಟಿಪ್ಪು, ಅದಕ್ಕೆ ಭದ್ರತೆಯಾಗಿ ತನ್ನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದ ಪ್ರಸಂಗವನ್ನು ಅಲ್ಲಿ ಉಬ್ಬುಶಿಲ್ಪವಾಗಿ ಕೆತ್ತಿದ್ದಾರೆ. ಗೆದ್ದವರು ಮಾಡಿಸಿದ್ದು ತಾನೇ, ದೊಡ್ಡತನವೆಲ್ಲ ಅವರದೇ! ಹೊರಡುವ ಮುನ್ನ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿರುವ, ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನದ ಚಿತ್ರವನ್ನು ಮಗಳಿಗೆ ಇನ್ನೊಮ್ಮೆ ತೋರಿಸಿ. ಸುತ್ತುವರಿದ ಸೈನ್ಯದ ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕುಳಿತ ಬ್ರಿಟಿಷ್ ಸೇನಾನಿ ಕರ್ನಲ್ ಬೈಲಿಯನ್ನು ನೋಡಿ ಆಮೇಲೆ ಈ ಪೀಠವನ್ನು ನೋಡಿದರೆ, ಯಾರು ಯಾರನ್ನು ಹೇಗೆ ತೋರಿಸಬಯಸಿದರೆಂಬುದು ಅವಳಿಗೇ ಹೊಳೆಯುತ್ತದೆ.

ಉತ್ತರ 2:
ಸೆಂಟ್ರಲ್ ಎದುರಿನ ಪಾರ್ಕ್ ನಿಲ್ದಾಣದಲ್ಲಿ ಬೀಚ್ ಕಡೆಗೆ ಹೋಗುವ ಲೋಕಲ್ ರೈಲು ಹತ್ತಿದರೆ ಮುಂದಿನದೇ ಫೋರ್ಟ್ ನಿಲ್ದಾಣ. ತಮಿಳುನಾಡಿನ ವಿಧಾನಸಭೆ ಮತ್ತು ಸಚಿವಾಲಯ ಕೋಟೆಯೊಳಗೇ ಇರುವುದರಿಂದ ಬಾಗಿಲಲ್ಲಿ ತಪಾಸಣೆಯಿರುತ್ತದೆ. ಗುರುತಿನ ಚೀಟಿ ಜೊತೆಗಿರಲಿ.

ಉತ್ತರ 3 (ಶ್ರೀರಂಗಪಟ್ಟಣದಿಂದ):
ಪುರಾತತ್ವ ಇಲಾಖೆಯದೆಂಬ ಮಾತ್ರಕ್ಕೆ ಹಳೆಯ ದೇವಾಲಯಗಳ ಶಿಲ್ಪಗಳನ್ನು ನಿರೀಕ್ಷಿಸಿ ಹೋದರೆ ನಿರಾಶೆಯಾದೀತು. 1795ರಲ್ಲಿ ಕಟ್ಟಿದ, ಮೊದಲಿಗೆ ಬ್ಯಾಂಕು ನಡೆಯುತ್ತಿದ್ದ ಈ ಕಟ್ಟಡ 1948ರಲ್ಲಿ ವಸ್ತುಸಂಗ್ರಹಾಲಯವಾಯಿತು. ನಾಣ್ಯ, ಪದಕ, ಆಯುಧ, ಸಮವಸ್ತ್ರ, ಪಿಂಗಾಣಿ, ರಾಜರಾಣಿಯರ ತೈಲಚಿತ್ರ, ಹೀಗೆ ಇರುವುದೆಲ್ಲ ಹೆಚ್ಚಾಗಿ ಈಸ್ಟ್ ಇಂಡಿಯಾ ಕಂಪನಿಯ ಕಾಲದ ಸರಕು. 1947ರ ಆಗಸ್ಟ್ 15ರಂದು ಆ ಕೋಟೆಯ ಮೇಲೆ ಹಾರಿದ ಧ್ವಜವನ್ನೂ ಅಲ್ಲಿ ಕಾಪಾಡಿಟ್ಟಿದ್ದಾರೆ. ಅಮರಾವತಿಯ ಶಿಲ್ಪಗಳನ್ನೂ ಚೋಳರ ಕಂಚಿನ ಮೂರ್ತಿಗಳನ್ನೂ ನೋಡಬೇಕಾದರೆ ಚೆನ್ನೈನ ಎಗ್ಮೋರಿನಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಲ್ಲಿಯೂ ಶುಕ್ರವಾರ ರಜೆ. ಸಮಯ ಮಿಕ್ಕರೆ ಕೋಟೆಯೊಳಗೇ ಇರುವ, 1680ರ ಸೇಂಟ್ ಮೇರಿ ಚರ್ಚನ್ನೂ ನೋಡಿಕೊಂಡು ಬನ್ನಿ.